ಯಾರ ಬೇಡಿಕೆಗೆ ಮೊದಲ ಮಣೆ ಎಂಬುದು ಬಳಕೆದಾರರಿಗೆ ಕಾಣಬೇಕು

ಮಾನ್ಯ ಸಂಪಾದಕರೇ,

ಕಟ್ಟಡಗಳಲ್ಲಿ, ಕಾರ್ಖಾನೆಗಳಲ್ಲಿ ವಿದ್ಯುತ್ ಬಳಕೆಯನ್ನು ನಿರ್ವಹಿಸುವ ತಂತ್ರಾಂಶಗಳ ಕುರಿತ ಬರಹಗಳು ಹೆಚ್ಚಾಗಿ ಉಳಿತಾಯದ ಬಗ್ಗೆಯೇ ಮಾತನಾಡುತ್ತವೆ. ಒಂದೇ ಹೊತ್ತಿಗೆ ಹಲವು ಕಡೆಯಿಂದ ಬೇಡಿಕೆ ಬಂದು, ಇರುವ ವಿದ್ಯುತ್ ಎಲ್ಲಕ್ಕೂ ಸಾಲದೆ ಹೋದಾಗ ತಂತ್ರಾಂಶ ಯಾರಿಗೆ ಮೊದಲು ಕೊಡುತ್ತದೆ, ಆ ಕ್ರಮವನ್ನು ನಿಗದಿ ಮಾಡಿದವರು ಯಾರು ಎಂಬುದು ಚರ್ಚೆಗೇ ಬರುವುದಿಲ್ಲ. ಇಂಥ ವ್ಯವಸ್ಥೆಗಳೊಂದಿಗೆ ದಿನವೂ ಕೆಲಸ ಮಾಡುವ ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆಯಾಗಿ ಕಂಡಿದೆ.

ಎಲ್ಲರಿಗೂ ಸಮನಾಗಿ ಹಂಚಿದರಾಯಿತಲ್ಲ ಎನ್ನುವವರಿದ್ದಾರೆ. ವಿದ್ಯುತ್ ವಾಹನಗಳ ಚಾರ್ಜಿಂಗ್ ಅನ್ನೇ ತೆಗೆದುಕೊಳ್ಳಿ. ಇಂಥ ಚಾರ್ಜಿಂಗ್‌ಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 61851ರ ಪ್ರಕಾರ, ಎಸಿ ಚಾರ್ಜರ್ ವಾಹನಕ್ಕೆ ಸಾಮಾನ್ಯವಾಗಿ 6 ಆಂಪಿಯರ್‌ಗಿಂತ ಕಡಿಮೆ ಮಿತಿಯನ್ನು ಸೂಚಿಸುವಂತಿಲ್ಲ. 32 ಆಂಪಿಯರ್ ಲಭ್ಯವಿರುವ ಸಂಪರ್ಕಕ್ಕೆ ಆರು ವಾಹನಗಳು ಬಂದು ನಿಂತರೆ ತಲಾ 5.33 ಆಂಪಿಯರ್ ಪಾಲಿಗೆ ಬರುತ್ತದೆ. ಸಮಪಾಲು ಮಾಡಿದ ತಪ್ಪಿಗೆ ಒಂದು ವಾಹನವೂ ಚಾರ್ಜ್ ಆಗುವುದಿಲ್ಲ. ಐದಕ್ಕೆ ಕೊಟ್ಟು ಆರನೆಯದನ್ನು ಕಾಯಿಸಲೇಬೇಕು. ಕಾಯಬೇಕಾದದ್ದು ಯಾವುದು ಎಂಬುದನ್ನು ಯಾರಾದರೂ ಮೊದಲೇ ತೀರ್ಮಾನಿಸಿರಬೇಕು.

ಬ್ಯಾಟರಿಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. 100 ಕಿಲೋವ್ಯಾಟ್ ಸಾಮರ್ಥ್ಯದ ಬ್ಯಾಟರಿಯೊಂದಿದೆ ಎನ್ನೋಣ. ಕಟ್ಟಡದ ಬಳಕೆ ಗರಿಷ್ಠ ಮಿತಿಯನ್ನು ದಾಟದಂತೆ ಕಾಯುವ ಭಾಗವು ಬ್ಯಾಟರಿಯಿಂದ 20 ಕಿಲೋವ್ಯಾಟ್ ಹೊರಗೆ ಕೊಡಿ ಎನ್ನುತ್ತದೆ; ಅದೇ ಗಳಿಗೆಯಲ್ಲಿ ದರ ಇಳಿದಿದೆಯೆಂದು ಇನ್ನೊಂದು ಭಾಗವು 50 ಕಿಲೋವ್ಯಾಟ್‌ನಲ್ಲಿ ತುಂಬಿಸಿ ಎನ್ನುತ್ತದೆ. ಕೊನೆಗೆ ಬಂದ ಆದೇಶವೇ ಜಾರಿಯಾಗುವ ವ್ಯವಸ್ಥೆಯಲ್ಲಿ ಇನ್ವರ್ಟರ್ ಒಮ್ಮೆ ತುಂಬುತ್ತ ಒಮ್ಮೆ ಖಾಲಿ ಮಾಡುತ್ತ ಓಲಾಡುತ್ತದೆ, ಪ್ರತಿ ಸಲವೂ ಒಂದಿಷ್ಟು ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಎರಡರ ಸರಾಸರಿ ತೆಗೆದರೆ 15 ಕಿಲೋವ್ಯಾಟ್‌ನಲ್ಲಿ ತುಂಬಿಸಿದಂತಾಗಿ, ಗರಿಷ್ಠ ಮಿತಿಯೇ ಮುರಿದುಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ ಎಂದರೆ, ಮೇಲಿನ ಆದ್ಯತೆಯವರು (ಇಲ್ಲಿ ಗರಿಷ್ಠ ಮಿತಿ ಕಾಯುವ ಭಾಗ) ಒಂದೇ ಅಂಕಿಯನ್ನು ಹೇರದೆ ಒಂದು ವ್ಯಾಪ್ತಿಯನ್ನು ಹೇಳುವುದು: ಕನಿಷ್ಠ 20 ಕಿಲೋವ್ಯಾಟ್ ಹೊರಬರಲಿ, ಅದರ ಮೇಲೆ ಎಷ್ಟಾದರೂ ಆದೀತು. ಆಗ ಕೆಳಗಿನವರು ತುಂಬಿಸಿ ಎಂದರೆ ಬೇಡಿಕೆ ಆ ವ್ಯಾಪ್ತಿಯ ಅಂಚಿಗೆ, ಅಂದರೆ 20 ಕಿಲೋವ್ಯಾಟ್ ಹೊರಕೊಡುವಲ್ಲಿಗೆ ಬಂದು ನಿಲ್ಲುತ್ತದೆ. 35 ಹೊರಬರಲಿ ಎಂದರೆ ಪೂರ್ತಿ ಈಡೇರುತ್ತದೆ. ಬ್ಯಾಟರಿಯ ಉಷ್ಣತೆ, ಸೆಲ್‌ಗಳ ವೋಲ್ಟೇಜ್ ಮುಂತಾದ ಸುರಕ್ಷತಾ ಮಿತಿಗಳು ಈ ಆದ್ಯತೆಯ ಸಾಲಿನಲ್ಲಿ ಸೇರಲೇಬಾರದು, ಅವು ಎಲ್ಲರಿಗೂ ಮೇಲಿರಬೇಕು.

ಆದ್ಯತೆಯ ಕಲ್ಪನೆ ಹೊಸದೇನಲ್ಲ. ಕಟ್ಟಡ ನಿಯಂತ್ರಣಕ್ಕೆಂದು 1995ರಲ್ಲಿ ಪ್ರಕಟವಾದ ಬ್ಯಾಕ್‌ನೆಟ್ ಮಾನದಂಡದಲ್ಲಿ 16 ಹಂತಗಳ ಆದ್ಯತೆಯಿದೆ. 1 ಮತ್ತು 2ನೆಯ ಹಂತಗಳು ಜೀವರಕ್ಷಣೆಗೆ, 8ನೆಯದು ಕೈಯಾರೆ ಆದೇಶ ಕೊಡುವ ನಿರ್ವಾಹಕರಿಗೆ. ಪ್ರತಿಯೊಬ್ಬರೂ ತಮ್ಮ ತಮ್ಮ ಹಂತದಲ್ಲಿ ಆದೇಶ ಬರೆಯುತ್ತಾರೆ; ಮೇಲಿನವರು ಹಿಂತೆಗೆದುಕೊಂಡ ಕೂಡಲೇ ಕೆಳಗಿನವರ ಆದೇಶ ತಾನಾಗಿ ಜಾರಿಗೆ ಬರುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ದುರಸ್ತಿಯ ಹೊತ್ತಿನಲ್ಲಿ ಯಾರೋ 8ನೆಯ ಹಂತದಲ್ಲಿ ಫ್ಯಾನ್ ಚಾಲೂ ಮಾಡಿ, ಆ ಆದೇಶವನ್ನು ತೆಗೆಯದೆ ಹೋಗುತ್ತಾರೆ. ಕೆಳಗಿನ ಹಂತದ ವೇಳಾಪಟ್ಟಿ ಪ್ರತಿ ರಾತ್ರಿ ಆಫ್ ಆದೇಶ ಕಳಿಸುತ್ತಲೇ ಇರುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ. ನಿಯಮದ ಪ್ರಕಾರವೇ ಎಲ್ಲವೂ ನಡೆದಿರುವುದರಿಂದ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಇಂಥ ಮರೆತುಹೋದ ಆದೇಶಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಪ್ರತಿ ಸಲವೂ ಬೇಸರವಾಗುತ್ತದೆ.

ಇದರ ಮೇಲೆ ಅಂಕಿಗಳ ಗೊಂದಲವೂ ಇದೆ. ಬ್ಯಾಕ್‌ನೆಟ್‌ನಲ್ಲಿ ಚಿಕ್ಕ ಸಂಖ್ಯೆಗೆ ಹೆಚ್ಚು ಆದ್ಯತೆ. ಚಾರ್ಜರ್‌ಗಳು ತಮ್ಮನ್ನು ನಿರ್ವಹಿಸುವ ಕೇಂದ್ರ ತಂತ್ರಾಂಶದೊಂದಿಗೆ ಮಾತನಾಡಲು ಬಳಸುವ ಒಸಿಪಿಪಿ ಎಂಬ ಸಂವಹನ ನಿಯಮಾವಳಿಯಲ್ಲಿ ಚಾರ್ಜಿಂಗ್ ಪ್ರೊಫೈಲ್‌ನ (ಯಾವಾಗ ಎಷ್ಟು ವಿದ್ಯುತ್ ಕೊಡಬಹುದೆಂಬ ಆದೇಶದ) ಹಂತದ ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಹೆಚ್ಚು. ಎರಡನ್ನೂ ಜೋಡಿಸುವವರು ಇದನ್ನು ಗಮನಿಸದಿದ್ದರೆ ಇಡೀ ಕ್ರಮ ತಲೆಕೆಳಗಾಗುತ್ತದೆ.

ತಂತ್ರಾಂಶವನ್ನು ಕೊಳ್ಳುವ ಸಂಸ್ಥೆಗಳು ಕೆಲವನ್ನಾದರೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕೆಂದು ನನ್ನ ಒತ್ತಾಯ. ಕೈಯಾರೆ ಕೊಟ್ಟದ್ದೂ ಸೇರಿ ಪ್ರತಿ ಬೇಡಿಕೆಗೂ ಅವಧಿಯಿರಬೇಕು, ನವೀಕರಿಸದಿದ್ದರೆ ಅದು ತಾನಾಗಿ ರದ್ದಾಗಬೇಕು. ಈಗ ಯಾರ ಆದೇಶ ನಡೆಯುತ್ತಿದೆ, ಯಾರದು ತಡೆಹಿಡಿಯಲ್ಪಟ್ಟಿದೆ ಎಂಬುದು ಪರದೆಯ ಮೇಲೆ ನೇರವಾಗಿ ಕಾಣಬೇಕು. ಆದ್ಯತೆಯ ಪಟ್ಟಿಯನ್ನು ತಂತ್ರಾಂಶ ಮಾರುವವರು ಒಳಗೇ ಹುದುಗಿಸಿ ಕೊಡದೆ, ಆ ಜಾಗದ ಹೊಣೆ ಹೊತ್ತವರೊಂದಿಗೆ ಕುಳಿತು ಸಿದ್ಧಪಡಿಸಬೇಕು, ಅದು ಬದಲಾದಾಗಲೆಲ್ಲ ಬದಲಿಸಿದವರ ಹೆಸರು ದಾಖಲಾಗಬೇಕು.

ಇತಿ,
ಓದುಗ ಎಂಜಿನಿಯರ್