ಬೀಜದೆಣ್ಣೆ ‘ಪೌಷ್ಟಿಕ ಪೂರಕ’ವಾದಾಗ: ಕಲಬುರಗಿ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಜೋಳದ ರೊಟ್ಟಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಮೇಲೊಂದು ಚಮಚ ಕುಸುಬಿ ಎಣ್ಣೆ. ಈ ಊಟ ನಮ್ಮ ಭಾಗಕ್ಕೆ ಎಷ್ಟು ಹಳೆಯದೆಂದು ತಮಗೆ ಹೇಳಬೇಕಾಗಿಲ್ಲ. ಈಗ ಅಂಥವೇ ಕಾಳುಗಳ ಎಣ್ಣೆ ಸಣ್ಣ ಸೀಸೆಗಳಲ್ಲಿ, ಕ್ಯಾಪ್ಸೂಲುಗಳಲ್ಲಿ ‘ಪೌಷ್ಟಿಕ ಪೂರಕ’ವೆಂಬ ಹೆಸರು ಹೊತ್ತು ಔಷಧದಂಗಡಿಗೂ ಗಾಣದೆಣ್ಣೆಯ ಮಳಿಗೆಗೂ ಬಂದಿದೆ. ಇದು ಸುರಕ್ಷಿತವೇ ಎಂದು ಕೇಳಿದರೆ, ‘ನಮ್ಮ ಅಜ್ಜಿಯರು ತಿಂದದ್ದೇ ಅಲ್ಲವೇ’ ಎನ್ನುತ್ತಾರೆ. ಈ ಉತ್ತರವನ್ನು ತಾವು ಹಾಗೆಯೇ ಒಪ್ಪಬಾರದೆಂದು ಕೋರುತ್ತೇನೆ.

ಅಜ್ಜಿ ತಿಂದದ್ದು ಹುರಿದು ಕುಟ್ಟಿದ ಕಾಳನ್ನು, ಮೇಲೊಂದು ಚಮಚ ಅಡುಗೆಯ ಎಣ್ಣೆಯನ್ನು, ಅದೂ ರೊಟ್ಟಿಯ ಜೊತೆಗೆ. ಆ ರೂಢಿ ಅಷ್ಟಕ್ಕೆ ಮಾತ್ರ ಸಾಕ್ಷಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ದಿನಕ್ಕೆ ಎರಡು ಹೊತ್ತು, ತಿಂಗಳುಗಟ್ಟಲೆ ಕಲೌಂಜಿ (ಕರಿಜೀರಿಗೆ) ಎಣ್ಣೆ ಕುಡಿಯುವುದಕ್ಕೆ ಅದು ಸಾಕ್ಷಿಯಾಗದು. ಕಲೌಂಜಿ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಮಾರುವವರೇ ಹೇಳುತ್ತಾರೆ. ಆ ಮಾತು ಎಷ್ಟು ನಿಜವೋ, ಮಾತ್ರೆಯೊಡನೆ ಸೇರಿ ಅದು ಸಕ್ಕರೆಯನ್ನು ತೀರ ಕೆಳಗಿಳಿಸುವ ಭಯವೂ ಅಷ್ಟೇ ನಿಜ. ನಮ್ಮ ಓಣಿಯ ಹಿರಿಯರೊಬ್ಬರಿಗೆ ಅಂಗಡಿಯವರೊಬ್ಬರು ‘ಮಾತ್ರೆ ಬಿಟ್ಟರೂ ನಡೆಯುತ್ತದೆ’ ಎಂದಿದ್ದರು.

ಅಗಸೆಯ ಸಂಗತಿ ಬೇರೆ. ಅದರ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಆಲ್ಫಾ ಲಿನೊಲೆನಿಕ್ ಆಮ್ಲ, ಅಂದರೆ ಸಸ್ಯಮೂಲದ ಒಮೆಗಾ-3 ಕೊಬ್ಬಿನಾಮ್ಲ ಇದೆ. ಜಾಹೀರಾತು ಹೊಗಳುವುದು ಇದನ್ನೇ. ಗಾಳಿಯ ಆಮ್ಲಜನಕ ತಾಗಿ ಬೇಗ ಕೆಡುವುದೂ ಇದೇ. ಬಳಿದ ಮೇಲೆ ಒಣಗಿ ಪೊರೆಗಟ್ಟುವ ಈ ಗುಣಕ್ಕಾಗಿಯೇ ಬಣ್ಣದ ಅಂಗಡಿಯವರು ಅಗಸೆ ಎಣ್ಣೆ ಇಟ್ಟಿರುತ್ತಾರೆ. ಅಲ್ಲಿಯ ‘ಬಾಯಿಲ್ಡ್’ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸುವುದರಿಂದ ಅದು ಹೊಟ್ಟೆಗೆ ಹೋಗಲೇಬಾರದು. ತಿನ್ನುವ ಅಗಸೆ ಎಣ್ಣೆಯನ್ನೂ ನಮ್ಮ ಮೇ ತಿಂಗಳ 42 ಡಿಗ್ರಿ ಸೆಕೆಯಲ್ಲಿ, ಬಿಸಿಲು ಬೀಳುವ ಕಪಾಟಿನಲ್ಲಿ, ಬಿಳಿ ಗಾಜಿನ ಸೀಸೆಯಲ್ಲಿಟ್ಟು, ಗಾಣದಿಂದ ಇಳಿಸಿದ ದಿನಾಂಕವನ್ನೂ ಬರೆಯದೆ ಮಾರಿದರೆ ಕೊಳ್ಳುವವರು ಯಾವುದನ್ನು ನಂಬಬೇಕು?

ಬೇವಿನ ಬೀಜದ ಎಣ್ಣೆಯನ್ನು ಹಸುಗೂಸುಗಳಿಗೆ ಒಂದು ಚಮಚದಷ್ಟು ಕುಡಿಸಿದ್ದಕ್ಕೇ ವಾಂತಿ, ಫಿಟ್ಸ್, ಮಿದುಳಿನ ತೊಂದರೆ ಕಾಣಿಸಿಕೊಂಡ ಪ್ರಕರಣಗಳನ್ನು ಮಲೇಷ್ಯಾದ ವೈದ್ಯರು 1980ರ ದಶಕದ ಆರಂಭದಲ್ಲಿಯೇ ದಾಖಲಿಸಿದ್ದಾರೆ. ಪಕ್ಕದ ಯಾದಗಿರಿಯಲ್ಲಿ ಹೇರಳವಾಗಿ ಬೆಳೆಯುವ ಹತ್ತಿಯ ಕಾಳಿನಲ್ಲಿ ಗಾಸಿಪಾಲ್ ಎಂಬ ವಿಷವಸ್ತುವಿದ್ದು, ಸಂಸ್ಕರಿಸಿದಾಗ ಅದು ಹೋಗುತ್ತದೆ. ಹಸಿ ಎಣ್ಣೆಯಲ್ಲಿ ಉಳಿಯುತ್ತದೆ. ಹಾಗಾಗಿ ‘ಸಂಸ್ಕರಿಸದ್ದೇ ಶುದ್ಧ’ ಎಂಬ ಮಾತು ಎಲ್ಲ ಬೀಜಕ್ಕೂ ಒಪ್ಪುವುದಿಲ್ಲ. ಕಲಬೆರಕೆಯ ವಿಷಯಕ್ಕೆ 1998ರ ದೆಹಲಿಯೊಂದೇ ಸಾಕು: ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಕಳೆಯ ಬೀಜದೆಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು.

ಗಾಣದವರ ಹೊಟ್ಟೆಯ ಮೇಲೆ ಹೊಡೆಯಿರಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಮನೆಗೂ ಕುಸುಬಿ ಎಣ್ಣೆ ಗಾಣದಿಂದಲೇ ಬರುತ್ತದೆ. ಅಡುಗೆಯ ಎಣ್ಣೆಯನ್ನು ಅಡುಗೆಯ ಎಣ್ಣೆಯೆಂದು ಮಾರುವವರನ್ನೂ, ಅದನ್ನೇ ರೋಗಕ್ಕೆ ಮದ್ದೆಂಬಂತೆ ಮಾರುವವರನ್ನೂ ತಾವು ಬೇರೆಬೇರೆಯಾಗಿ ನೋಡಬೇಕು. ಆರೋಗ್ಯ ಪೂರಕಗಳ ಕುರಿತ 2016ರ ನಿಯಮಗಳ ಪ್ರಕಾರ ಲೇಬಲ್ಲಿನ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆಯೂ, ಬಳಸಬೇಕಾದ ಪ್ರಮಾಣವೂ, ಗೊತ್ತಿರುವ ಅಡ್ಡಪರಿಣಾಮಗಳೂ ಇರಬೇಕು. ಇವು ಇವೆಯೇ ಎಂದು ನೋಡುವುದರ ಜೊತೆಗೆ, ನಮ್ಮ ಜನ ಓದುವ ಕನ್ನಡದಲ್ಲಿಯೂ ಬರೆಯಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕು. ಅಗಸೆ ಮತ್ತು ಕಲೌಂಜಿ ಎಣ್ಣೆಗಳ ಮಾದರಿಗಳನ್ನು ಬಿಸಿಲು ಏರುವ ಮುನ್ನ ಒಮ್ಮೆ, ಏರಿದ ಮೇಲೆ ಅದೇ ಅಂಗಡಿಗಳಿಂದ ಇನ್ನೊಮ್ಮೆ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ಸಾರ್ವಜನಿಕರಿಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ