ಪೇಟಿ ನುಡಿಸಿದವರ ಕತೆ ಬರೆಯುವ ತಂಗಿಗೆ

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗಿ,

ಆಶೀರ್ವಾದಗಳು. ನಿನ್ನ ಹಸ್ತಪ್ರತಿ ಬಂತು, ಓದಿದೆ. ಮೊದಲು ಒಂದು ಮಾತು. ಸಾಲು ಸಾಲಿಗೂ ‘ಸರ್’ ಅನ್ನೋದು ಬಿಡು. ದಾದರಿನ ಒಂದು ಮನೆಯ ಬೈಠಕ್ಕಿನಲ್ಲಿ ನಿಮ್ಮಜ್ಜನ ಪೇಟಿಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಜಮಖಾನೆ ಮೇಲೆ ಕೂತು ಕೇಳಿದವನು ನಾನು. ಕಾಕಾ ಅನ್ನು, ಸಾಕು.

‘ಸಾಥಿದಾರನ, ಪಕ್ಕವಾದ್ಯ ನುಡಿಸಿದವನ, ಜೀವನಚರಿತ್ರೆ ಯಾರು ಓದ್ತಾರಮ್ಮಾ’ ಅಂತ ಬೆಂಗಳೂರಿನ ಪ್ರಕಾಶಕರೊಬ್ಬರು ಕೇಳಿದರಂತೆ. ಅದಕ್ಕೆ ನೀನು ಬರೆಯೋದನ್ನೇ ಬಿಡ್ತೀನಿ ಅಂತ ಕೂತಿದ್ದೀಯ. ಬಿಡೋದಾದರೆ ಬಿಡು, ನನ್ನದೇನೂ ತಕರಾರಿಲ್ಲ. ಆದರೆ ಆ ಪ್ರಶ್ನೆಗೆ ಹೆದರಿ ಬಿಡಬೇಡ. ಅಧ್ಯಾಯ ಎಷ್ಟಿರಬೇಕು, ಮುನ್ನುಡಿ ಯಾರಿಂದ ಬರೆಸಲಿ, ಫೋಟೋ ಎಲ್ಲಿ ಹಾಕಲಿ ಅಂತೆಲ್ಲ ಕೇಳಿದ್ದೀಯ. ಅವನ್ನು ನನ್ನ ಹತ್ತಿರ ಕೇಳಬೇಡ, ಪ್ರೆಸ್ಸಿನವರು ಹೇಳ್ತಾರೆ. ಸಂಗೀತಗಾರರ ಯಾವ ಯಾವ ಆತ್ಮಕಥೆ ಓದಲಿ ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ ಕೊಡ್ತೇನೆ. ಅದಕ್ಕೂ ಮುಂಚೆ ನಿನ್ನ ನಾಲ್ಕನೇ ಅಧ್ಯಾಯಕ್ಕೆ ಬರೋಣ.

ಅಲ್ಲಿ ಹೀಗೆ ಬರೆದಿದ್ದೀಯ: ‘1958ರ ಹೊತ್ತಿಗೆ ಆಕಾಶವಾಣಿಯಿಂದ ಅಜ್ಜನ ಹಾರ್ಮೋನಿಯಂ ನಾದ ಮನೆಮನೆಗೂ ಹರಿದುಬಂತು.’

ಹೇಗೆ ಹರಿದುಬಂತು, ಹೇಳು? 1940ರಲ್ಲೇ ರೇಡಿಯೋದವರು ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರೋ ಮೀಂಡ್ ಬರೋದಿಲ್ಲ, ಅದರ ಸ್ವರಸ್ಥಾನ ನಮ್ಮ ರಾಗಗಳಿಗೆ ಹೊಂದೋದಿಲ್ಲ, ಪರದೇಶದಿಂದ ಬಂದ ಪೆಟ್ಟಿಗೆ ಅಂತೆಲ್ಲ ಆಕ್ಷೇಪ. ರವೀಂದ್ರನಾಥ ಠಾಕೂರರಿಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೂರು ದಶಕ ಕಳೆದ ಮೇಲೆ, 1971ರ ಸುಮಾರಿಗೆ, ಬಾಗಿಲು ತುಸು ತೆರೆಯಿತು. ಅಂದರೆ ನಿಮ್ಮಜ್ಜನ ಪ್ರಾಯದ ವರ್ಷಗಳೆಲ್ಲ ಆ ಬಾಗಿಲ ಹೊರಗೇ ಕಳೆದವು. ಮೈಫಿಲಿನಲ್ಲಿ ಗಾಯಕರ ಪಕ್ಕ ಕೂತು ನುಡಿಸಿದವರು, ಅದೇ ಗಾಯಕರು ರೇಡಿಯೋಗೆ ಹೋದ ದಿನ ಮನೆಯಲ್ಲಿ ಕೂತರು. ಆ ಜಾಗಕ್ಕೆ ಸಾರಂಗಿಯವರು ಬಂದರು. ಅವತ್ತಿನ ಬಿದಾಗಿಯೂ, ಅಂದರೆ ಕೈಗೆ ಬರೋ ಸಂಭಾವನೆಯೂ, ಹೋಯಿತು. ನಿನ್ನ ಪುಸ್ತಕದ ನಿಜವಾದ ಕತೆ ಇದು ಕಣೇ. ಅದರ ಮೇಲೆ ನೀನು ನಾದ, ಹರಿವು ಅಂತ ಹೂವು ಹಾಕಿ ಮುಚ್ಚಿಬಿಟ್ಟಿದ್ದೀಯ.

ನೀನು ಬೇಕಂತ ಸುಳ್ಳು ಬರೆದಿಲ್ಲ, ಗೊತ್ತು. ಅಜ್ಜನ ಮೇಲಿನ ಭಕ್ತಿ ಬರೆಸಿದೆ. ನಮ್ಮಲ್ಲಿ ಸಂಗೀತಗಾರರ ಬಗ್ಗೆ ಬರೆಯೋರಿಗೆಲ್ಲ ಇರೋ ಕಾಯಿಲೆ ಇದು. ಪೆನ್ನು ಹಿಡಿಯೋ ಮೊದಲೇ ಕೈ ಮುಗಿದುಬಿಡ್ತಾರೆ. ಆಮೇಲೆ ಗಾನಗಂಧರ್ವ, ನಾದಯೋಗಿ, ಸ್ವರತಪಸ್ವಿ. ನಿನ್ನ ಹಸ್ತಪ್ರತಿಯಲ್ಲಿ ಇಂಥವನ್ನೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ವಾಪಸ್ ಕಳಿಸ್ತಿದ್ದೇನೆ. ನೋಡಿ ಅಳಬೇಡ.

ಈಗ ಪುಸ್ತಕಗಳು. ಅಲ್ಲಾದಿಯಾ ಖಾನ್ ಸಾಹೇಬರಿಂದ ಶುರು ಮಾಡು. 1855ರಲ್ಲಿ ಹುಟ್ಟಿದವರು, 1946ರಲ್ಲಿ ಇದೇ ಮುಂಬಯಿಯಲ್ಲಿ ತೀರಿಕೊಂಡರು. ಜೈಪುರ ಘರಾಣೆ ಅನ್ನೋ ಗಾಯನ ಪರಂಪರೆ ಅವರಿಂದ ಬಂದದ್ದು. ಕೊನೆಗಾಲದಲ್ಲಿ ತಮ್ಮ ಕತೆಯನ್ನು ಮೊಮ್ಮಗ ಅಜೀಜುದ್ದೀನರಿಗೆ ಹೇಳಿ ಬರೆಸಿದರು. ಅದು ಇಂಗ್ಲಿಷಿನಲ್ಲಿ ಸಿಗುತ್ತದೆ. ನೀನೂ ಮೊಮ್ಮಗಳೇ ಅಲ್ವಾ, ಅದಕ್ಕೇ ಇದು ಮೊದಲು. ಖಾನ್ ಸಾಹೇಬರು ಪ್ರಾಯದಲ್ಲಿ ಒಂದು ದರ್ಬಾರಿನಲ್ಲಿ ಹಾಡಿ ಹಾಡಿ ದನಿ ಕಳೆದುಕೊಂಡರು. ಮತ್ತೆ ಮೊದಲಿನ ದನಿ ಬರಲೇ ಇಲ್ಲ. ಉಳಿದ ಒರಟು ದನಿಗೆ ಹೊಂದುವ ಹಾಗೆ ಗಾಯನವನ್ನೇ ಬೇರೆ ರೀತಿ ಕಟ್ಟಿಕೊಂಡರು. ಇವತ್ತು ನಾವು ಬಾಯಿ ಬಿಟ್ಟುಕೊಂಡು ಕೇಳೋ ಆ ಸುತ್ತುಬಳಸಿನ ತಾನುಗಳ ಹಿಂದೆ ಕೆಟ್ಟುಹೋದ ಒಂದು ಗಂಟಲಿದೆ. ಭಕ್ತನೊಬ್ಬ ಬರೆದಿದ್ದರೆ ಇದನ್ನು ದೇವರ ಲೀಲೆ ಮಾಡಿಬಿಡುತ್ತಿದ್ದ.

ಗೋವಿಂದರಾವ್ ಟೆಂಬೆಯವರನ್ನಂತೂ ಬಿಡಲೇಬೇಡ. ಪುಣೆಯಲ್ಲಿ ಬೆಳೆದ ಹುಡುಗಿ, ಮರಾಠಿ ನಿನಗೆ ನೀರು ಕುಡಿದಷ್ಟು ಸಲೀಸು. ಟೆಂಬೆ ಪೇಟಿ ನುಡಿಸೋದರಲ್ಲಿ ದೊಡ್ಡ ಹೆಸರು. 1911ರ ‘ಮಾನಾಪಮಾನ’ ನಾಟಕದ ಹಾಡುಗಳಿಗೆ ಧಾಟಿ ಕೊಟ್ಟವರು, 1932ರ ಮರಾಠಿ ಟಾಕಿಯಲ್ಲಿ ರಾಜನ ಪಾತ್ರ ಮಾಡಿದವರು. ‘ಮಾಝಾ ಸಂಗೀತ ವ್ಯಾಸಂಗ’ ಅಂತ ಬರೆದರು, ಅಲ್ಲಾದಿಯಾ ಖಾನರ ಚರಿತ್ರೆಯನ್ನೂ ಬರೆದರು. ಪೇಟಿಯವನ ಕತೆ ಯಾರಿಗೆ ಬೇಕು ಅಂದವರಿಗೆ, ಪೇಟಿಯವರೇ ಬರೆದ ಈ ಪುಸ್ತಕಗಳನ್ನು ತೋರಿಸು.

ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಓದಿದ್ದೀನಿ ಅಂತ ಬರೆದಿದ್ದೀಯ. ಮತ್ತೆ ಓದು. ಈ ಸಲ ತಂಬೂರಿ ಪಕ್ಕಕ್ಕಿಟ್ಟು, ಬದುಕನ್ನು ನೋಡು. ನಾಟಕ ಕಂಪನಿಯ ಹುಡುಗ, ನೀಲಕಂಠಬುವಾ ಹತ್ತಿರ ಕಲಿತಿದ್ದರು, ಗ್ರಾಮಫೋನ್ ಪ್ಲೇಟುಗಳು ಬಂದಿದ್ದವು, ಹೆಸರಾಗಿತ್ತು. ಅಷ್ಟಾದ ಮೇಲೂ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಹೊಸದಾಗಿ ತಾಲೀಮಿಗೆ ಕೂತರು. 1937ರಲ್ಲಿ ಗುರು ಹೋಗಿಬಿಟ್ಟರು. ಆಮೇಲೆ ಅವರ ತಮ್ಮ ಭೂರ್ಜೀಖಾನರ ಹತ್ತಿರ ಮತ್ತೆ ಕಲಿಕೆ. ಇಂಥ ಕಡೆ ಪುಸ್ತಕ ಮುಚ್ಚಿ ಸ್ವಲ್ಪ ಯೋಚಿಸು: ಆ ದಿನಗಳಲ್ಲಿ ಮನೆ ನಡೆಸಿದವರು ಯಾರು?

ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಓದುವಾಗಲೂ ಇದೇ ಪ್ರಶ್ನೆ ಇಟ್ಟುಕೋ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಹಿಂದೂಸ್ತಾನಿಗೆ ತೊಡಕಾಗಬಾರದು ಅಂತ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿಗೆ, ಜಾತಿ ನೋಡಿ, ಊಟವಾದ ಮೇಲೆ ಎಲೆ ಎತ್ತು ಅನ್ನಬಹುದು ಅನ್ನೋ ಹೆದರಿಕೆ ಇತ್ತು. ನಮ್ಮವರು ಈ ಪ್ರಸಂಗದಲ್ಲಿ ಗಾಂಧೀಜಿಯನ್ನು ಮಾತ್ರ ನೆನಪಿಟ್ಟುಕೊಂಡು ಎಲೆಯನ್ನು ಮರೆತುಬಿಡ್ತಾರೆ. ಗಂಗೂಬಾಯಿಯವರು ಮರೆಯಲಿಲ್ಲ. ನಿನ್ನ ಪುಸ್ತಕದಲ್ಲಿ ಎಲೆ ಎಲ್ಲಿದೆ?

ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗ್ತೀಯ ಅಲ್ವಾ? ಗುರು ಸವಾಯಿ ಗಂಧರ್ವರ ನೆನಪಿಗೆ ಅಂತ ಭೀಮಸೇನ ಜೋಶಿಯವರು 1953ರಿಂದ ಕಟ್ಟಿ ಬೆಳೆಸಿದ ಉತ್ಸವ ಅದು. ಭೀಮಸೇನರ ಬಗ್ಗೆ ಪುಸ್ತಕಗಳು ಸಾಕಷ್ಟಿವೆ. ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದ್ದು, ಟಿಕೆಟ್ ಇಲ್ಲದ ರೈಲು, ಎಲ್ಲ ಬಾಯಿಪಾಠ ಆಗಿದೆ. ಅವನ್ನು ಬದಿಗಿಟ್ಟು ಅವರ ಮಗ ರಾಘವೇಂದ್ರ ಜೋಶಿಯವರು ಮರಾಠಿಯಲ್ಲಿ ಬರೆದ ‘ಗಾಣಾರ್ಯಾಚಂ ಪೋರ್’ ಓದು. ಮೊದಲ ಹೆಂಡತಿಯ ಮಗ. 1951ರಲ್ಲಿ ಭೀಮಸೇನರು ಇನ್ನೊಂದು ಮದುವೆ ಮಾಡಿಕೊಂಡರು. ಅಪ್ಪನ ಹಾಡಿನ ಮೇಲೆ ಪ್ರಾಣ ಇಟ್ಟುಕೊಂಡವನು, ಅಪ್ಪ ಇಲ್ಲದ ಮನೆಯನ್ನೂ ಬರೀಬೇಕು ಅಂದರೆ ಏನು ಮಾಡಬೇಕು? ಆ ಪುಸ್ತಕ ಓದಿ ಬೈದವರೂ ಇದ್ದಾರೆ, ‘ಮಗನಾಗಿ ಹೀಗೆ ಬರೀಬಹುದಾ’ ಅಂತ. ಮಗ ಬರೆಯದಿದ್ದರೆ ಇನ್ಯಾರು ಬರೆಯಬೇಕಿತ್ತು?

ನಮಿತಾ ದೇವಿದಯಾಳರ ‘ದಿ ಮ್ಯೂಸಿಕ್ ರೂಮ್’ 2007ರಲ್ಲಿ ಬಂತು. ಇಲ್ಲಿ ಮುಂಬಯಿಯ ಕೆನಡಿ ಬ್ರಿಡ್ಜ್ ಹತ್ತಿರ ಬಾಡಿಗೆಗಿದ್ದ ಗಾಯಕಿ ಧೋಂಡೂತಾಯಿ ಕುಲಕರ್ಣಿಯವರ ಹತ್ತಿರ ಹತ್ತು ವರ್ಷದ ಹುಡುಗಿಯನ್ನು ಹಾಡು ಕಲಿಯೋಕೆ ಬಿಡ್ತಾರೆ, ಅಲ್ಲಿಂದ ಕತೆ. ಧೋಂಡೂತಾಯಿಗೆ ವಿದ್ಯೆ ಇತ್ತು, ಅದಕ್ಕೆ ತಕ್ಕ ಹೆಸರು ಬರಲಿಲ್ಲ. ಅವರ ಗುರು ಗೋವೆಯ ಕೇಸರಬಾಯಿ ಕೇರಕರ್. ಕೇಸರಬಾಯಿಯ ಸಿಟ್ಟು, ಸೊಕ್ಕು ಎಲ್ಲ ಅಲ್ಲಿದೆ, ಅದರಿಂದ ಅವರ ಹಾಡು ಒಂದು ಕೂದಲಷ್ಟೂ ಚಿಕ್ಕದಾಗೋದಿಲ್ಲ. ದೇವಧರ ಮಾಸ್ತರರ ‘ಥೋರ್ ಸಂಗೀತಕಾರ್’ ಕೂಡ ಸಿಕ್ಕರೆ ತಗೋ. ಒಪೆರಾ ಹೌಸ್ ಹತ್ತಿರದ ಅವರ ಶಾಲೆಗೆ ಬಾರದ ಗವಾಯಿಗಳೇ ಕಡಿಮೆ, ಕುಮಾರ ಗಂಧರ್ವರು ಕಲಿತದ್ದೂ ಅಲ್ಲೇ. ಕಣ್ಣಾರೆ ಕಂಡವರು ಬರೆದದ್ದು.

ಭಕ್ತಿ ಎಲ್ಲಿಯವರೆಗೆ ಹೋಗುತ್ತದೆ ಅನ್ನೋದಕ್ಕೆ ದೂರದ್ದೊಂದು ಹೇಳ್ತೇನೆ. ಬೀಥೋವನ್‌ಗೆ ಕಿವಿ ಹೋದ ಮೇಲೆ ಬಂದವರು ಮಾತನ್ನು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. 1827ರಲ್ಲಿ ಅವರು ಸತ್ತ ಮೇಲೆ ಆ ಪುಸ್ತಕಗಳು ಶಿಂಡ್ಲರ್ ಅನ್ನೋ ಸಹಾಯಕನ ಕೈಗೆ ಬಂದವು. ತಾನು ಬಹಳ ಆಪ್ತ ಅಂತ ತೋರಿಸಿಕೊಳ್ಳೋಕೆ ಈ ಮಹಾಶಯ ಖಾಲಿ ಜಾಗದಲ್ಲಿ ತನ್ನ ಮಾತುಗಳನ್ನು ತುರುಕಿದ. 1840ರಲ್ಲಿ ಚರಿತ್ರೆಯನ್ನೂ ಬರೆದ. ಕಳ್ಳತನ ಬಯಲಾದದ್ದು 1977ರಲ್ಲಿ. ಅಷ್ಟರಲ್ಲಿ ಅವನು ಹೇಳಿದ್ದು ಲೋಕದ ಬಾಯಲ್ಲಿ ಕೂತುಬಿಟ್ಟಿತ್ತು. ಐದನೇ ಸಿಂಫನಿಯ ಶುರು ವಿಧಿ ಬಾಗಿಲು ಬಡಿಯೋ ಸದ್ದು ಅಂತ ಬೀಥೋವನ್ ಹೇಳಿದರು ಅನ್ನೋದು ಈ ಶಿಂಡ್ಲರನದೇ ಮಾತು. ಅದೇ ಬೀಥೋವನ್ ಮೇಲೆ ಥೇಯರ್ ಅನ್ನೋ ಅಮೆರಿಕದವನೂ ಬರೆದ. ಹೊಟ್ಟೆಪಾಡಿಗೆ ಟ್ರಿಯೆಸ್ಟ್ ಊರಲ್ಲಿ ಕಾನ್ಸಲ್ ಕೆಲಸ, ಉಳಿದ ಹೊತ್ತೆಲ್ಲ ಕಾಗದಪತ್ರ ಹುಡುಕೋದು. ಮೊದಲ ಸಂಪುಟ 1866ರಲ್ಲಿ. 1897ರಲ್ಲಿ ಅವನು ಸಾಯುವ ಹೊತ್ತಿಗೂ ಕತೆ 1816ಕ್ಕೇ ನಿಂತಿತ್ತು, ಮುಂದಿನದನ್ನು ಬೇರೆಯವರು ಮುಗಿಸಿದರು. ನೀನು ನೋಡಿದರೆ ಎಂಟು ತಿಂಗಳಾಯಿತು, ಬೇಸರ ಬಂತು ಅಂತೀಯ.

ನನಗ್ಯಾಕೆ ಇಷ್ಟು ಸಿಟ್ಟು ಅಂತ ಅಂದುಕೊಳ್ತಿರಬೇಕು. ಬಹಳ ವರ್ಷದ ಹಿಂದೆ ಇಲ್ಲಿಯ ಒಂದು ಸಮಿತಿ ಒಬ್ಬ ಗಾಯಕರ ಅಭಿನಂದನ ಗ್ರಂಥಕ್ಕೆ ನನ್ನಿಂದ ಲೇಖನ ಬರೆಸಿತು. ಆ ಗಾಯಕರು ತಬಲಾದವರಿಗೆ ಕೊಡಬೇಕಾದ ದುಡ್ಡನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತಿದ್ದರು. ತಬಲಾದವರೇ ಹೇಳಿದ್ದು, ಹೆಸರು ಹಾಕಿ ಬರಿ ಅಂದದ್ದೂ ಅವರೇ. ಬರೆದೆ. ಗ್ರಂಥ ಬಂದಾಗ ಆ ಪ್ಯಾರಾ ಇರಲಿಲ್ಲ. ಅದರ ಜಾಗದಲ್ಲಿ ‘ಸಾಥಿದಾರರನ್ನು ಮಕ್ಕಳಂತೆ ಕಂಡ ಮಹಾನುಭಾವರು’ ಅನ್ನೋ ಸಾಲು, ಕೆಳಗೆ ನನ್ನ ಹೆಸರು. ಕೇಳಿದರೆ ‘ಶುಭಕಾರ್ಯದಲ್ಲಿ ಇವೆಲ್ಲ ಯಾಕೆ’ ಅಂದರು. ಶಾಲು ಹೊದಿಸಿದರು ಬೇರೆ. ತಬಲಾದವರು ಆ ಗ್ರಂಥವನ್ನು ಓದಿದರು. ಆಮೇಲೆ ನನ್ನ ಹತ್ತಿರ ಮಾತಾಡೋದನ್ನೇ ನಿಲ್ಲಿಸಿದರು. ಅದು ನನಗೆ ಇನ್ನೂ ಇಳಿದಿಲ್ಲ.

ಸರಿ, ಬೈದದ್ದು ಜಾಸ್ತಿ ಆಯ್ತು. ನಿನ್ನ ಎರಡನೇ ಅಧ್ಯಾಯದಲ್ಲಿ ಪರೇಲ್ ಚಾಳಿನ ಗ್ಯಾಲರಿಯಲ್ಲಿ ನಿಮ್ಮಜ್ಜ ಪೇಟಿ ಬಿಚ್ಚಿ ಕೂತ ಪುಟ ಇದೆಯಲ್ಲ, ಅದನ್ನು ಎರಡು ಸಲ ಓದಿದೆ. ರೀಡಿನ ಕೆಳಗೆ ತೆಳು ಕಾಗದ ತೂರಿಸಿ ಮೆಲ್ಲಗೆ ಎಳೆದು ಧೂಳು ತೆಗೆಯೋದು, ತಿದಿ ಒತ್ತಿ ಒಂದೇ ಸ್ವರ ಕೇಳೋದು, ತಲೆ ಅಲ್ಲಾಡಿಸಿ ಮತ್ತೆ ಬಿಚ್ಚೋದು, ಪಕ್ಕದ ಮನೆಯವರು ‘ಇವತ್ತು ಹಾಡು ಇಲ್ವಾ’ ಅಂತ ಕೇಳಿದರೆ ಸುಮ್ನೆ ನಗೋದು. ಅಲ್ಲಿ ಒಂದೂ ಬಿರುದಿಲ್ಲ ನೋಡು. ಆ ಪುಟ ಬರೆದವಳಿಗೆ ಬರೆಯೋದು ಬರುತ್ತದೆ. ನಾಲ್ಕನೇ ಅಧ್ಯಾಯ ಬರೆದವಳು ಯಾರೋ ನನಗೆ ಗೊತ್ತಿಲ್ಲ.

ಈಗ ಕೆಲಸ. ನಿಮ್ಮಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ ಅಂತ ಬರೆದಿದ್ದೀಯ. ಇಡೀ ಹಸ್ತಪ್ರತಿಯಲ್ಲಿ ಅವರು ಮಾಡೋದು ಚಹಾ ಒಂದೇ. ಕೂತು ಮಾತಾಡಿಸು. ರೇಡಿಯೋದವರು ಪೇಟಿ ಬೇಡ ಅಂದ ವರ್ಷಗಳಲ್ಲಿ ರೇಷನ್ನಿಗೆ ದುಡ್ಡು ಎಲ್ಲಿಂದ ಬಂತು, ಅಜ್ಜ ಬೇರೆ ಏನಾದರೂ ಕೆಲಸ ಮಾಡಿದರಾ, ರಾತ್ರಿ ಮೈಫಿಲ್ ಮುಗಿಸಿ ಬಂದಾಗ ಕೈಯಲ್ಲಿ ಎಷ್ಟಿರುತ್ತಿತ್ತು, ಯಾವ ಗಾಯಕರ ಹೆಸರು ಕೇಳಿದರೆ ಅಜ್ಜಿಗೆ ಇವತ್ತಿಗೂ ಮೈ ಉರಿಯುತ್ತದೆ, ಎಲ್ಲ ಕೇಳು. ಅಜ್ಜಿ ಬೈದರೆ ಬೈದದ್ದನ್ನು ಹಾಗೇ ಬರೆದುಕೋ. ಗಣಪತಿ ಹಬ್ಬ ಮುಗಿದ ಮೇಲೆ ನಾಲ್ಕನೇ ಅಧ್ಯಾಯವನ್ನು ಹೊಸದಾಗಿ ಬರೆದು ಕಳಿಸು. ಜೊತೆಗೆ ನಿನ್ನ ಕವಿತೆಗಳನ್ನು ಇಡಬೇಡ, ಅವನ್ನು ಆಮೇಲೆ ನೋಡೋಣ.

ನಿನ್ನ,
ಕಾಕಾ