ಹಿಡಿದುಕೊಟ್ಟವರಿಗೆ 10 ಶಿಲ್ಲಿಂಗ್ ಇನಾಮು

ಮಾನ್ಯರೇ,

ಬಸ್ ನಿಲ್ದಾಣದಲ್ಲಿ ಮಲಗುವ ಅಲೆಮಾರಿಗಳನ್ನು ಹಿಡಿದು ಅವರವರ ಊರಿಗೆ ಕಳಿಸಿಬಿಡಿ ಎಂಬ ಮಾತು ನಮ್ಮ ಬಳ್ಳಾರಿಯಲ್ಲಿ ಆಗಾಗ ಕೇಳಿಬರುತ್ತದೆ. ಇಂಗ್ಲೆಂಡ್ 18ನೇ ಶತಮಾನದಲ್ಲಿ ಇದನ್ನೇ ಮಾಡಿ ನೋಡಿತ್ತು.

1744ರ ಅಲೆಮಾರಿ ಕಾಯ್ದೆಯಲ್ಲಿ ಮೂರು ವರ್ಗ. ರೂಢಿಯ ಕೂಲಿಗೆ ದುಡಿಯಲೊಲ್ಲದವರಿಗೆ ತಿಂಗಳವರೆಗೆ ದುಡಿಮೆಯ ಸೆರೆ. ಎರಡನೇ ವರ್ಗ: ಕೊಟ್ಟಿಗೆಗಳಲ್ಲಿ ಮಲಗುವವರು, ಪರವಾನಗಿಯಿಲ್ಲದ ನಾಟಕದವರು, ಕಣಿ ಹೇಳುವವರಿಗೆ ಚಾಟಿಯೇಟು ಇಲ್ಲವೇ ಸೆರೆ. ನಮ್ಮ ಹಗಲುವೇಷದವರು, ಬುರ್ರಕಥೆಯವರು ಅಲ್ಲಿದ್ದಿದ್ದರೆ ಇದೇ ಪಟ್ಟಿಗೆ ಸೇರುತ್ತಿದ್ದರು! ಮೂರನೇ ವರ್ಗ: ಸೆರೆಯಿಂದ ತಪ್ಪಿಸಿಕೊಂಡು ಮತ್ತೆ ಸಿಕ್ಕವರಿಗೆ 2 ವರ್ಷದವರೆಗೆ ಸೆರೆ.

ಬಹುಪಾಲು ಪ್ರಕರಣಗಳಿಗೆ ಜ್ಯೂರಿಯಿಲ್ಲ, ವಕೀಲರಿಲ್ಲ. ಊರಿನ ಒಬ್ಬ ಮ್ಯಾಜಿಸ್ಟ್ರೇಟ್, ಎಷ್ಟೋ ಸಲ ತನ್ನ ಮನೆಯಲ್ಲೇ, ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದ: ಹುಟ್ಟಿದ್ದೆಲ್ಲಿ, ಕಸುಬು ಕಲಿತದ್ದೆಲ್ಲಿ, ವರ್ಷಪೂರ್ತಿ ಸಂಬಳದಾಳಾಗಿದ್ದದ್ದು ಯಾರ ಮನೆಯಲ್ಲಿ? ಅದರ ಮೇಲೆ 'ಸ್ವಂತ ಊರು' ತೀರ್ಮಾನಿಸಿ ರಹದಾರಿ ಕೊಟ್ಟರೆ, ಒಬ್ಬ ಕಾನ್‌ಸ್ಟೇಬಲ್ ಜಿಲ್ಲೆಯ ಗಡಿವರೆಗೆ ಸಾಗಿಸಿ ಮುಂದಿನವನಿಗೆ ಒಪ್ಪಿಸುತ್ತಿದ್ದ. ಖರ್ಚು ಜಿಲ್ಲೆಯ ತೆರಿಗೆಯದು.

ಕೆಟ್ಟದ್ದು ಇಲ್ಲೇ. ಎರಡನೇ ವರ್ಗದವರನ್ನು ಹಿಡಿದುಕೊಟ್ಟರೆ 10 ಶಿಲ್ಲಿಂಗ್ ಇನಾಮು. ಹಳ್ಳಿಯ ಕೂಲಿಯವನ ವಾರದ ದುಡಿಮೆಗಿಂತ ಹೆಚ್ಚು. ಹಿಡಿಯುವುದೇ ಸಂಪಾದನೆಯಾಯಿತು. ಲಂಡನ್ನಿಗೆ ಹೊಂದಿದ ಮಿಡ್ಲ್‌ಸೆಕ್ಸ್ ಜಿಲ್ಲೆಯಲ್ಲಿ ಇಂಥ ಜನರನ್ನು ಗಾಡಿಯಲ್ಲಿ ಸಾಗಿಸಲು ಗುತ್ತಿಗೆದಾರನೇ ಇದ್ದ. ಗಡಿಯಾಚೆ ಇಳಿಸಿದವರು ಮತ್ತೆ ಬರುತ್ತಿದ್ದರು, ಏಕೆಂದರೆ ಕೆಲಸವಿದ್ದದ್ದು ಲಂಡನ್ನಿನಲ್ಲಿ. ಕೊನೆಗೆ 1792ರಲ್ಲಿ, ಶಿಕ್ಷೆಯಾಗದೆ ಇನಾಮಿಲ್ಲ ಎಂದು ಬಿಗಿಮಾಡಿ, ಹೆಂಗಸರಿಗೆ ಚಾಟಿಯೇಟು ನಿಲ್ಲಿಸಿದರು.

ಗುಳೆ ಹೋಗುವವರ ಸೀಮೆ ನಮ್ಮದು. ಬೆಂಗಳೂರು, ಪುಣೆಯ ನಿಲ್ದಾಣಗಳಲ್ಲಿ ಮಲಗುವವರು ನಮ್ಮವರೇ. ಜಿಲ್ಲಾಡಳಿತ ವ್ಯಾನು ಕಳಿಸುವ ಬದಲು ನಿಲ್ದಾಣದ ಹತ್ತಿರವೇ ನೀರು, ಶೌಚಾಲಯವಿರುವ ರಾತ್ರಿ ತಂಗುದಾಣ ನಡೆಸಲಿ, ಹೆಂಗಸರಿಗೆ ಬೇರೆ ಕೋಣೆ ಇರಲಿ.

– ಇತಿಹಾಸ ಅಧ್ಯಾಪಕರು, ಬಳ್ಳಾರಿ